ಕುರಿಯ ಔಷಧ, ಮೊಲದ ಕಿವಿ

ಗುರುಪಾದಪ್ಪನಿಗೆ ಕೂತಲ್ಲಿ ಕೂರುವ ಅಭ್ಯಾಸ ಇಲ್ಲ. ಚಹಾ ಕುಡಿಯುವುದು ನಿಂತೇ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಯೇ ಇರುತ್ತದೆ, ಯಾರಾದರೂ ಕರೆದರೆ ತಟ್ಟನೆ ಏಳುವವನ ಹಾಗೆ. ಮಾತೂ ಅಷ್ಟೇ, ಅರ್ಧಕ್ಕೇ ಎದ್ದು ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಶಿವಕ್ಕ ಇದಕ್ಕೆ ಬೈಯುತ್ತಿದ್ದಳು. ಈಗ ತಟ್ಟೆಯ ಪಕ್ಕ ನೀರಿನ ತಂಬಿಗೆ ಇಟ್ಟು ಸುಮ್ಮನಾಗುತ್ತಾಳೆ.

ನಾಗಪುರದಲ್ಲಿ ಅವನು ಮಾಲಿ. ಬೆಳಿಗ್ಗೆ ಸಿವಿಲ್ ಲೈನ್ಸಿನ ಸಾಹೇಬರ ಬಂಗಲೆಗಳ ಹುಲ್ಲು ಕತ್ತರಿಸುವುದು, ಮಧ್ಯಾಹ್ನ ವಾಯುಸೇನಾ ನಗರದ ಸುತ್ತಿನ ಮನೆಗಳ ಹೂಕುಂಡ ನೋಡಿಕೊಳ್ಳುವುದು. ನಡುವಿನ ಹೊತ್ತೆಲ್ಲ ಸೈಕಲ್ಲಿನ ಮೇಲೆ. ಮನೆ ಹಜಾರಿ ಪಹಾಡದ ಇಳಿಜಾರಿನಲ್ಲಿ, ಎರಡು ಕೋಣೆ, ತಗಡಿನ ಮಾಡು. ಹಿತ್ತಲಲ್ಲಿ ಬಿದಿರಿನ ತಟ್ಟಿ ಕಟ್ಟಿದ ಒಂದು ಚಪ್ಪರ. ಆ ಚಪ್ಪರದ ಕೆಳಗೆ ಮೊಲಗಳು.

ಹುಟ್ಟಿದ್ದು ಇಂಡಿ ತಾಲೂಕಿನ ಕುರುಬರ ಮನೆಯಲ್ಲಿ. ಹರೆಯದಲ್ಲಿ ಸೋದರಮಾವನ ಕುರಿಹಿಂಡಿನ ಹಿಂದೆ ನಡೆಯುತ್ತ ನಡೆಯುತ್ತ ಸೊಲ್ಲಾಪುರ ದಾಟಿ, ಯವತಮಾಳ ದಾಟಿ ಇತ್ತ ಬಂದವನು. ಕುರಿಗೆಂದು ರಸ್ತೆ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವನ ಕುಡುಗೋಲಿನ ಓಟ ಕಂಡು ಒಬ್ಬ ಗುತ್ತಿಗೆದಾರ ಕೆಲಸಕ್ಕೆ ಕರೆದ. ಮಾವ ಹಿಂಡು ತಿರುಗಿಸಿಕೊಂಡು ಊರಿಗೆ ಹೋದ, ಇವನು ಇಲ್ಲೇ ಉಳಿದ. ಕುರಿ ಬಿಟ್ಟ, ಆದರೆ ಕುರಿ ಕಾಯುವವರ ಕೈಯಭ್ಯಾಸ ಅವನನ್ನು ಬಿಡಲಿಲ್ಲ. ಯಾವ ಪ್ರಾಣಿಯನ್ನು ಕಂಡರೂ ಮೊದಲು ಅದರ ಬೆನ್ನು ಸವರಿ ಮೂಳೆ ನೋಡುತ್ತಾನೆ, ಆಮೇಲೆ ಬಾಲ ಎತ್ತಿ ಹಿಕ್ಕೆ ನೋಡುತ್ತಾನೆ.

ಮೊಲ ಅವನ ಹತ್ತಿರ ಬಂದದ್ದು ಅವನು ಕೇಳಿ ಅಲ್ಲ. ವಾಯುಸೇನೆಯವರ ಮನೆಗಳೆಂದರೆ ಮೂರು ವರ್ಷ ಇಲ್ಲಿ, ಮೂರು ವರ್ಷ ಇನ್ನೆಲ್ಲೋ. ಪೋಸ್ಟಿಂಗ್ ಬಂತೆಂದರೆ ಕೂಲರು, ಫ್ರಿಜ್ಜು ಮಾರಾಟಕ್ಕಿಡುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆಂದು ತಂದ ಮೊಲವನ್ನು ಯಾರೂ ಕೊಳ್ಳುವುದಿಲ್ಲ, ಅದನ್ನು ರೈಲಿನಲ್ಲಿ ಒಯ್ಯುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಹಿಂದೊಮ್ಮೆ ಒಬ್ಬ ಸಾರ್ಜೆಂಟರ ಹೆಂಡತಿ ಅಳುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಹುಲ್ಲು ನಿಮ್ಮ ಹತ್ತಿರ ಹೇಗೂ ಇರುತ್ತದಲ್ಲ ಕಾಕಾ, ಅಂದು ಒಂದು ಪೆಟ್ಟಿಗೆ ಕೈಗೆ ಕೊಟ್ಟಳು. ಅಲ್ಲಿಂದ ಅದೊಂದು ವಾಡಿಕೆಯೇ ಆಯಿತು. ಪೋಸ್ಟಿಂಗ್ ಬಂದರೆ ಮೊಲ ಮಾಲಿ ಕಾಕಾನ ಹಿತ್ತಲಿಗೆ.

ಹೋಗುವವರೆಲ್ಲ, ಮತ್ತೆ ಬಂದು ಒಯ್ಯುತ್ತೇವೆ ಅನ್ನುತ್ತಿದ್ದರು. ಯಾರೂ ಬರಲಿಲ್ಲ. ಗುರುಪಾದಪ್ಪ ಕಾಯಲೂ ಇಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಕುಯ್ದ ಹುಲ್ಲಿನಲ್ಲಿ ಮೆತ್ತನೆಯ ಗರಿಕೆಯನ್ನು ಆರಿಸಿ ಚೀಲಕ್ಕೆ ತುಂಬಿ ತಂದು ಹಾಕುತ್ತಿದ್ದ. ಏಪ್ರಿಲ್, ಮೇ ತಿಂಗಳ ಬೆಂಕಿ ಬಿಸಿಲಿಗೆ ತಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದ. ಮೊಲಗಳು ಬದುಕುವಷ್ಟು ಕಾಲ ಬದುಕಿ ಹೋಗುತ್ತಿದ್ದವು.

ಈ ಬೇಸಿಗೆಯಲ್ಲಿ ಉತ್ತಪ್ಪನವರ ಮನೆಯ ಮೊಲ ಬಂತು.

ಉತ್ತಪ್ಪ ವಿರಾಜಪೇಟೆ ಕಡೆಯವರು, ವಾಯುಸೇನೆಯಲ್ಲಿ ವಾರಂಟ್ ಆಫೀಸರ್. ಅವರ ಮನೆಯ ಕುಂಡಗಳನ್ನು ಗುರುಪಾದಪ್ಪನೇ ನೋಡುತ್ತಿದ್ದುದು. ಕನ್ನಡದವರು ಅನ್ನುವ ಸಲಿಗೆ ಬೇರೆ. ಅವರಿಗೆ ಆಮ್ಲಾಕ್ಕೆ ಪೋಸ್ಟಿಂಗ್ ಆಯಿತು. ಆಮ್ಲಾ ದೂರವೇನಲ್ಲ, ಇಟಾರ್ಸಿ ದಾರಿಯಲ್ಲಿ ರೈಲಿನಲ್ಲಿ ಅರ್ಧ ದಿನವೂ ಬೇಡ. ಆದರೆ ಅಲ್ಲಿ ಕ್ವಾರ್ಟರ್ಸ್ ಇನ್ನೂ ಖಾಲಿಯಾಗಿರಲಿಲ್ಲ. ಅಲ್ಲಿಯವರೆಗೆ ಹೆಂಡತಿ, ಮಗಳು ಕೊಡಗಿಗೆ ಹೋಗಿ ಇರುವುದೆಂದು ನಿಶ್ಚಯವಾಯಿತು. ಮಗಳು ಅನ್ವಿತಾ, ಐದನೇ ತರಗತಿ ಮುಗಿಸಿದವಳು. ಅವಳ ಮೊಲದ ಹೆಸರು ಚಿವಡಾ. ಅವಲಕ್ಕಿ ಚಿವಡಾದ ಹಾಗೆ ಕಂದು, ಬಿಳಿ, ಹಳದಿ ಎಲ್ಲ ಕಲೆಸಿದ ಬಣ್ಣ ಅದರದು.

ಪೆಟ್ಟಿಗೆ ಕೊಡುವಾಗ ಅನ್ವಿತಾ ಅಳಲಿಲ್ಲ. ಅದಕ್ಕೆ ಕೊತ್ತಂಬರಿ ಇಷ್ಟ, ಮೂಲಂಗಿ ಸೊಪ್ಪು ಇಷ್ಟ, ಬಿಸ್ಕತ್ತು ಯಾರು ಕೊಟ್ಟರೂ ತಿನ್ನಿಸಬೇಡಿ ಎಂದು ಶಿವಕ್ಕನಿಗೆ ಪಾಠ ಮಾಡಿದಳು. ಆಮೇಲೆ ಗುರುಪಾದಪ್ಪನ ಕಡೆ ತಿರುಗಿದಳು.

"ಅಜ್ಜ, ನಾನು ಬೇರೆಯವರ ಥರ ಅಲ್ಲ. ನಾನು ಪಕ್ಕಾ ಬರ್ತೀನಿ."

"ಬಾರವ್ವಾ. ನೀ ಹೆಂಗ ಕೊಟ್ಟೀಯೋ ಹಂಗ ನಿನ್ನ ಕೈಯಾಗ ಕೊಡ್ತೀನಿ."

ಹೇಳಿದ ಮಾತು ಅಷ್ಟೇ. ಆದರೆ ಆ ಹುಡುಗಿ ಆಡಿದಂತೆ ನಡೆಯುವವಳು ಅನ್ನುವುದು ಅವನಿಗೆ ಗೊತ್ತಾಗಿಬಿಟ್ಟಿತು. ಮೊದಲ ಭಾನುವಾರವೇ ಶಿವಕ್ಕನ ಫೋನಿಗೆ ವಿಡಿಯೋ ಕರೆ ಬಂತು. ಅಜ್ಜ, ಅಜ್ಜಿಯ ಮುಖ ಅವಳಿಗೆ ಬೇಕಿರಲಿಲ್ಲ, ಫೋನು ಚಿವಡಾದ ಗೂಡಿನೊಳಗೆ ಹೋಗಬೇಕಿತ್ತು. ಅದು ಮೂಗು ಮಿಸುಕಿಸುತ್ತ ಎಲೆ ತಿನ್ನುವುದನ್ನು ಅವಳು ಉಸಿರು ಬಿಗಿಹಿಡಿದು ನೋಡಿದಳು. ಮುಂದಿನ ಭಾನುವಾರವೂ ಹಾಗೆಯೇ. ಇಷ್ಟು ವರ್ಷ ಬಂದ ಮೊಲಗಳೆಲ್ಲ ಯಾರೋ ಬಿಟ್ಟುಹೋದಂಥವು. ಇದು ಮಾತ್ರ ನಂಬಿ ಇಟ್ಟದ್ದು. ಗುರುಪಾದಪ್ಪನಿಗೆ ಅಂದಿನಿಂದ ಹುಲ್ಲು ಕೊಯ್ಯುವಾಗಲೂ ಮನಸ್ಸು ಮನೆಯ ಕಡೆಗೆ. ಸೈಕಲ್ಲು ಎರಡು ಸಲ ದಾರಿ ತಪ್ಪಿಸಿಕೊಂಡು ಮಧ್ಯಾಹ್ನಕ್ಕೇ ಹಜಾರಿ ಪಹಾಡ ಹತ್ತಿತು.

ಮಳೆಗಾಲ ಹತ್ತಿರವಾದಾಗ ಇನ್ನೊಂದು ಮೊಲ ಬಂತು. ಮಿಹಾನ್ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿದ್ದ ರಂಜನ್ ಎಂಬ ಹುಡುಗನಿಗೆ ಪುಣೆಗೆ ವರ್ಗವಾಗಿತ್ತು. ಯಾರಿಂದಲೋ ಮಾಲಿ ಕಾಕಾನ ಸುದ್ದಿ ಕೇಳಿ ಕಂಪನಿಯ ಕಾರಿನಲ್ಲೇ ಬಂದು, ಚಾಲಕನಿಗೆ ಎರಡು ನಿಮಿಷ ನಿಲ್ಲಲು ಹೇಳಿ, ರಟ್ಟಿನ ಡಬ್ಬಿ ಕೊಟ್ಟು ಹೋದ. ಒಳಗೊಂದು ಬಿಳಿ ಮೊಲ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಅದು ಬಂದ ಗಳಿಗೆಯಿಂದ ತಲೆ ಕೊಡವುತ್ತಿತ್ತು. ಹೊಸ ಜಾಗದ ಅಂಜಿಕೆ ಅಂದುಕೊಂಡ ಗುರುಪಾದಪ್ಪ.

ಗುರುಪಾದಪ್ಪನ ಊರಮನೆಯಲ್ಲಿ ಒಂದು ಪದ್ಧತಿ ಇತ್ತು. ಸಂತೆಯಿಂದ ಹೊಸ ಕುರಿ ತಂದರೆ ಅದನ್ನು ಎಂದೂ ಬೇರೆ ಕಟ್ಟುತ್ತಿರಲಿಲ್ಲ. ಹಿಂಡಿನ ಹಿಕ್ಕೆ ಕಲೆಸಿದ ಮಣ್ಣನ್ನು ಅದರ ಬೆನ್ನಿಗೆ ತಿಕ್ಕಿ, ನೇರವಾಗಿ ಹಿಂಡಿನ ನಟ್ಟನಡುವೆ ಬಿಡುತ್ತಿದ್ದರು. ಒಂಟಿ ಬಿಟ್ಟ ಕುರಿ ಮೇವು ಬಿಡುತ್ತದೆ, ಹಿಂಡಿನ ವಾಸನೆ ಹತ್ತಿದ ಕುರಿ ಮರುದಿನವೇ ನಮ್ಮದಾಗುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದ. ಗುರುಪಾದಪ್ಪ ಅದನ್ನೇ ಮಾಡಿದ. ಚಿವಡಾದ ಗೂಡಿನ ಹಳೆಯ ಹುಲ್ಲು ತೆಗೆದು ಬಿಳಿ ಮೊಲದ ಮೈಗೆ ತಿಕ್ಕಿದ. ಎರಡನ್ನೂ ಒಂದೇ ಗೂಡಿಗೆ ಬಿಟ್ಟ. ಅವು ಸ್ವಲ್ಪ ಹೊತ್ತು ಒಂದನ್ನೊಂದು ಮೂಸಿ, ಮೈಗೆ ಮೈ ಒತ್ತಿ ಮಲಗಿದವು. ನೋಡಿ ಅವನಿಗೆ ಖುಷಿಯಾಯಿತು. ಶಿವಕ್ಕನನ್ನು ಕರೆದು ತೋರಿಸಿದ.

ಕೆಲವು ವಾರ ಕಳೆಯುವಷ್ಟರಲ್ಲಿ ಚಿವಡಾ ಕೂಡ ತಲೆ ಕೊಡವತೊಡಗಿತು. ಹಿಂಗಾಲೆತ್ತಿ ಕಿವಿ ಕೆರೆಯುವುದು, ನಿಲ್ಲಿಸುವುದು, ಮತ್ತೆ ಕೆರೆಯುವುದು. ಗುರುಪಾದಪ್ಪ ಕಿವಿ ಮಡಚಿ ನೋಡಿದ. ಒಳಗೆ ಕಂದು ಬಣ್ಣದ ಹೊಟ್ಟು, ಒಣಗಿದ ಗಂಜಿ ಪದರ ಪದರವಾಗಿ ಅಂಟಿದ ಹಾಗೆ. ಬಿಳಿಯದರ ಕಿವಿ ನೋಡಿದರೆ ಇನ್ನೂ ದಪ್ಪ, ಕಿವಿಯ ತೂತೇ ಕಾಣದು.

ಆ ಭಾನುವಾರ ಅನ್ವಿತಾ ಕೇಳಿಯೇಬಿಟ್ಟಳು. "ಅಜ್ಜ, ಇವನು ಯಾಕೆ ತಲೆ ಒದರ್ತಾ ಇದ್ದಾನೆ?"

"ನೊಣ ಕುಂತಿತ್ತವ್ವಾ."

ಫೋನು ಇಟ್ಟ ಮೇಲೆ ಶಿವಕ್ಕ ಅವನ ಮುಖ ನೋಡಿದಳು. ಅವಳು ಏನಾದರೂ ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನದಿಂದ ಅವನಿಗೆ ಮೈಯೆಲ್ಲ ಕೆರೆತ ಹತ್ತಿದ ಹಾಗೆ. ನಿಂತರೆ ನಿಲ್ಲಲಾಗದು, ಹೋದರೆ ಹೋಗಲಾಗದು. ಹೊಂಗೆ ಎಣ್ಣೆಗೆ ಅರಿಶಿನ ಕಲೆಸಿ ಕಿವಿಗೆ ಸವರಿದ. ಅದು ಇಳಿಯುವವರೆಗೆ ಕಾಯದೆ, ಉಗುರಿನಿಂದ ಹೊಟ್ಟು ಕೀಳಲು ಹೋದ. ಕೆಳಗಿನ ಚರ್ಮ ಕಿತ್ತು ರಕ್ತ ಬಂತು. ಚಿವಡಾ ಅವನ ಕೈಯೊಳಗೇ ಗಟ್ಟಿಯಾಗಿ ಮುದುಡಿತು, ಅಷ್ಟೇ, ದನಿ ಮಾಡಲಿಲ್ಲ. ಕುರಿಯಾದರೆ ಅರಚುತ್ತದೆ, ಒದೆಯುತ್ತದೆ, ನೋವು ಎಷ್ಟೆಂದು ಗೊತ್ತಾಗುತ್ತದೆ. ಇದರ ನೋವು ಅಳೆಯಲು ಅವನಿಗೆ ಬರಲಿಲ್ಲ.

ಸೆಮಿನರಿ ಹಿಲ್ಸ್ ಹತ್ತಿರ ಪಶುವೈದ್ಯರ ಕಾಲೇಜು ಇದೆಯಲ್ಲ, ದಿನಾ ಅದರ ಮುಂದೆಯೇ ಸೈಕಲ್ ಹೊಡೆಯುತ್ತೀರಲ್ಲ, ಅಲ್ಲಿಗೆ ಒಯ್ಯಿರಿ ಎಂದಳು ಶಿವಕ್ಕ. ಗುರುಪಾದಪ್ಪ ತಲೆ ಅಲ್ಲಾಡಿಸಿದ. ಕಜ್ಜಿ ಅನ್ನುವುದು ಅವನಿಗೆ ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಊರ ಹಳ್ಳದ ಬದಿಯಲ್ಲಿ ಗುಂಡಿ ತೋಡಿ, ಔಷಧದ ನೀರು ತುಂಬಿ, ಹಿಂಡಿನ ಅಷ್ಟೂ ಕುರಿಯನ್ನು ಒಂದೊಂದಾಗಿ ಅದ್ದಿ ತೆಗೆದ ಕೈ ಅವನದು. ಕಜ್ಜಿ, ಉಣ್ಣಿ, ಹೇನು ಎಲ್ಲ ಒಂದೇ ಸಲಕ್ಕೆ ಉದುರುತ್ತಿದ್ದವು. ಅಂಥವನು ಮುಷ್ಟಿಯಷ್ಟು ಪ್ರಾಣಿ ಹಿಡಿದುಕೊಂಡು ದವಾಖಾನೆಯ ಸಾಲಿನಲ್ಲಿ ನಿಲ್ಲುವುದೇ. ಮೇಲಾಗಿ ಮುಂದಿನ ಭಾನುವಾರದ ಒಳಗೆ ಕಿವಿ ಚೊಕ್ಕ ಆಗಬೇಕಿತ್ತು.

ಕಾಟೋಲ್ ರಸ್ತೆಯ ಅಂಗಡಿಯೊಂದರಿಂದ ಕುರಿ ತೊಳೆಯುವ ಔಷಧ ತಂದ. ಬೆಳಿಗ್ಗೆ ಕೆಲಸಕ್ಕೆ ಹೋಗದೆ ಹಿತ್ತಲಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟು, ನೀರು ತುಂಬಿ, ಔಷಧ ಸುರಿದು ಕೋಲಿನಿಂದ ತಿರುವಿದ. ನೀರು ಹಾಲಿನ ಹಾಗೆ ಬೆಳ್ಳಗಾಯಿತು.

"ಕುರಿಗಿ ಹಾಕೂದನ್ನ ಇದಕ್ಕ ಹಾಕೂದs?" ಅಂದಳು ಶಿವಕ್ಕ.

"ಕಜ್ಜಿ ಕಜ್ಜೀನs ಐತಿ. ಕುರಿಗಾದ್ರೇನು, ಇದಕ್ಕಾದ್ರೇನು."

"ಅದರ ಮೈ ನೋಡ್ರಿ ಎಟ್ಟೈತಿ."

"ಅದಕ್ಕs ಕಮ್ಮಿ ಹಾಕೀನಿ. ನೀ ಬಾಜೂ ಸರಿ."

ಮೊದಲು ಬಿಳಿಯದನ್ನು ಅದ್ದಿದ. ಕುರಿಯನ್ನು ಅದ್ದುವ ಹಾಗೆಯೇ, ಕುತ್ತಿಗೆ ಹಿಡಿದು, ಮೈ ಪೂರ್ತಿ ಮುಳುಗಿಸಿ, ಕಿವಿಯೊಳಗೂ ನೀರು ಹೋಗುವಂತೆ. ಅದ್ದಿದ ಕುರಿ ದಡ ಹತ್ತಿ ಮೈ ಜಾಡಿಸುತ್ತದೆ, ಸೀನುತ್ತದೆ, ಬಿಸಿಲಿಗೆ ಓಡುತ್ತದೆ. ಮೊಲ ಅದಾವುದನ್ನೂ ಮಾಡಲಿಲ್ಲ. ಇಟ್ಟಲ್ಲಿ ಇಟ್ಟ ಹಾಗೆಯೇ ಕೂತಿತು. ಸುಮ್ಮನಿದೆ ಅಂದರೆ ಹಾಯಾಗಿದೆ ಎಂದು ತಿಳಿದು ಅವನು ಚಿವಡಾವನ್ನೂ ಅದ್ದಿದ. ಹಳೆಯ ಮೊಲಗಳಲ್ಲಿ ಒಂದನ್ನು ಅದರ ಗೂಡಿನಿಂದ ತೆಗೆಯಲು ಹೋದಾಗ ಶಿವಕ್ಕ ಅವನ ತೋಳು ಹಿಡಿದಳು.

ಬಿಳಿ ಮೊಲ ಅಡ್ಡ ಬಿದ್ದಿತ್ತು. ಕಾಲು ಎರಡು ಸಲ ಎಳೆದುಕೊಂಡಿತು, ಆಮೇಲೆ ಎಳೆದುಕೊಳ್ಳಲಿಲ್ಲ. ಚಿವಡಾ ನಡುಗುತ್ತಿತ್ತು. ತೊಯ್ದ ಕೂದಲು ಮೈಗೆ ಅಂಟಿ ಅದು ಅರ್ಧಕ್ಕರ್ಧ ಸಣ್ಣದಾಗಿ ಕಾಣುತ್ತಿತ್ತು. ನಡುಗುತ್ತಲೇ ಮುಂಗಾಲು ನೆಕ್ಕುತ್ತಿತ್ತು.

ಗುರುಪಾದಪ್ಪನ ಕೈ ಮೊಟ್ಟಮೊದಲ ಸಲ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. ಶಿವಕ್ಕ ಒಳಗಿಂದ ತಾನು ಹೊಲಿದ ಹಳೆಯ ಕೌದಿ ತಂದು ಚಿವಡಾವನ್ನು ಸುತ್ತಿ ಎದೆಗೆ ಒತ್ತಿಕೊಂಡಳು. ಜಲ್ದಿ ಆಟೋ ಕರೀರಿ ಎಂದಳು. ಅವನು ಚಪ್ಪಲಿ ಇಲ್ಲದೆ ಇಳಿಜಾರು ಓಡಿದ.

ಕಾಲೇಜಿನ ದವಾಖಾನೆಯಲ್ಲಿ ಸಾಲು ಇತ್ತು. ಎಮ್ಮೆ ಕರು ಹಿಡಿದವರು, ನಾಯಿ ಹಿಡಿದವರು. ಕೌದಿಯೊಳಗಿನ ಮೂಗು ಕಂಡು ಒಬ್ಬ ತರುಣಿ ಡಾಕ್ಟರು ಇವರನ್ನು ಮೊದಲೇ ಒಳಗೆ ಕರೆದಳು. ಹೆಸರು ಪೂರ್ವಿ. ಏನಾಯಿತೆಂದು ಹಿಂದಿಯಲ್ಲಿ ಕೇಳಿದಳು. ಗುರುಪಾದಪ್ಪ ಹೇಳಿದ. ಔಷಧ ಯಾವುದೆಂದು ಕೇಳಿದಳು. ಅವನಿಗೆ ಹೆಸರು ಓದಲು ಬಂದಿರಲಿಲ್ಲ. ಶಿವಕ್ಕ ಸೆರಗಿನೊಳಗಿಂದ ಬಾಟಲಿಯನ್ನೇ ತೆಗೆದು ಮೇಜಿನ ಮೇಲಿಟ್ಟಳು. ಓಡುವ ಅವಸರದಲ್ಲೂ ಅವಳಿಗೆ ಅದು ಹೊಳೆದಿತ್ತು.

ಆಮೇಲೆ ಮಾತಿಲ್ಲ, ಕೈಕೆಲಸ ಮಾತ್ರ. ಪೂರ್ವಿ ಅದರ ಬಾಯಿ, ಮುಂಗಾಲುಗಳನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದಳು, ಮೈ ಮೇಲಿನ ಔಷಧ ತೆಗೆದಳು, ಬಿಸಿಗಾಳಿ ಯಂತ್ರದಿಂದ ಮೆಲ್ಲಗೆ ಒಣಗಿಸಿದಳು. ಚರ್ಮದ ಕೆಳಗೆ ನೀರು ಏರಿಸಿದಳು. ಮೊಲ ಹೆದರಿದರೆ, ತಣ್ಣಗಾದರೆ ಅಷ್ಟಕ್ಕೇ ಪ್ರಾಣ ಬಿಡುವ ಜೀವ ಎಂದಳು. ಅದಕ್ಕೇ ಮೊಲಕ್ಕೆ ಸ್ನಾನವೇ ಮಾಡಿಸಬಾರದು. ಮೈ ಮೇಲೆ ಏನು ಬಿದ್ದರೂ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ. ಕುರಿ ಔಷಧ ಮಾತ್ರವಲ್ಲ, ನಾಯಿಯ ಚಿಗಟಕ್ಕೆ ಹಾಕುವ ಹನಿ ಹಾಕಿ ಕೊಂದುಕೊಂಡವರೂ ಇದ್ದಾರಂತೆ.

"ಕಾಕಾ," ಎಂದಳು ಅವಳು, ತಲೆ ಎತ್ತದೆ. "ಮೊಲ ಅಂದರೆ ಸಣ್ಣ ಕುರಿ ಅಲ್ಲ."

ಬೈದಿದ್ದರೆ ಅವನು ತಲೆ ತಗ್ಗಿಸುತ್ತಿದ್ದ. ಅವಳು ಬೈಯಲಿಲ್ಲ. ಅವನಿಗೆ ತಲೆ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಅವಳು ಕಿವಿಯ ಹೊಟ್ಟಿನ ಒಂದು ಚೂರು ತೆಗೆದು ಗಾಜಿನ ಮೇಲಿಟ್ಟು ಯಂತ್ರದಲ್ಲಿ ಅವನಿಗೇ ತೋರಿಸಿದಳು. ಗುರುಪಾದಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಬೆಳಕಿನ ಬಿಲ್ಲೆಯೊಳಗೆ ದುಂಡು ಮೈಯ ಹುಳುಗಳು ಕಾಲಾಡಿಸುತ್ತ ತೆವಳುತ್ತಿದ್ದವು. ಬರಿಗಣ್ಣಿಗೆ ಕಾಣದ ಇವು ಕಿವಿಯೊಳಗೇ ಹುಟ್ಟಿ, ಅಲ್ಲೇ ಉಂಡು, ಅಲ್ಲೇ ಮೊಟ್ಟೆ ಇಡುತ್ತವಂತೆ. ಒಂದರ ಮೈಯಿಂದ ಇನ್ನೊಂದಕ್ಕೆ, ಹಾಸಿದ ಹುಲ್ಲಿನಿಂದ, ಮುಟ್ಟಿದ ಕೈಯಿಂದಲೂ ದಾಟುತ್ತವಂತೆ. ಹೊಸ ಮೊಲ ಯಾವುದಾದರೂ ಬಂದಿತ್ತೇ ಎಂದು ಅವಳು ಕೇಳಿದಳು. ಚಿವಡಾದ ಹುಲ್ಲನ್ನು ಬಿಳಿಯದರ ಮೈಗೆ ತಿಕ್ಕಿ ಎರಡನ್ನೂ ಒಟ್ಟಿಗೆ ಮಲಗಿಸಿದ್ದು ಅವನ ಕಣ್ಣ ಮುಂದೆ ಬಂತು. ಹೂಂ ಎಂದ.

ಮೈ ಚೇತರಿಸಿಕೊಂಡ ಮರುದಿನ ಕಿವಿಯ ಹುಳುವಿಗೆ ಸೂಜಿ ಹಾಕಿದಳು. ಮೊಲವನ್ನು ತೂಗಿ, ತೂಕಕ್ಕೆ ತಕ್ಕಷ್ಟೇ, ಒಂದು ಹನಿಯಷ್ಟು. ಸೂಜಿ ಬದುಕಿರುವ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ, ಹಾಗಾಗಿ ಎರಡು ವಾರ ಬಿಟ್ಟು ಎರಡನೆಯದು ಹಾಕಲೇಬೇಕು, ತಪ್ಪಿಸಿದರೆ ಮತ್ತೆ ಮೊದಲಿನಿಂದ ಶುರು. ಹೊಟ್ಟು ಕೀಳಬಾರದು, ತಾನೇ ಉದುರುತ್ತದೆ. ಮನೆಯಲ್ಲಿರುವ ಉಳಿದ ಮೊಲಗಳು ಕೆರೆದುಕೊಳ್ಳದಿದ್ದರೂ ಅವಕ್ಕೂ ಸೂಜಿ ಬೇಕು. ಎಲ್ಲಕ್ಕಿಂತ ಮೊದಲು ಇದು ತಿನ್ನಬೇಕು. ಮೊಲದ ಹೊಟ್ಟೆ ಒಂದು ದಿನ ನಿಂತರೆ ಮತ್ತೆ ನಡೆಯುವುದು ಕಷ್ಟ.

ಚಿವಡಾ ತಿನ್ನಲಿಲ್ಲ.

ಕೊತ್ತಂಬರಿ ಇಟ್ಟರೆ ಮುಖ ತಿರುಗಿಸಿತು. ಮೂಲಂಗಿ ಸೊಪ್ಪು ಇಟ್ಟರೆ ಮೂಸಲೂ ಇಲ್ಲ. ಅದನ್ನು ಮನೆಯೊಳಗೇ, ಶಿವಕ್ಕನ ಹೊಲಿಗೆ ಮಷಿನ್ನಿನ ಕೆಳಗೆ ಬುಟ್ಟಿಯಲ್ಲಿ ಇಟ್ಟಿದ್ದರು. ಡಾಕ್ಟರು ಹೇಳಿದಂತೆ ಸೊಪ್ಪು ಅರೆದು, ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಬೇಕಿತ್ತು. ಗುರುಪಾದಪ್ಪ ಹಾಕುತ್ತಿದ್ದ, ಅದು ಅರ್ಧ ನುಂಗುತ್ತಿತ್ತು, ಅರ್ಧ ಗದ್ದಕ್ಕೆ ಇಳಿಸುತ್ತಿತ್ತು. ಅವನು ಬುಟ್ಟಿಯ ಹತ್ತಿರ ಹೋಗುತ್ತಿದ್ದ, ಹಿಕ್ಕೆ ಬಿದ್ದಿದೆಯೇ ಎಂದು ನೋಡುತ್ತಿದ್ದ, ಹೊರಗೆ ಬರುತ್ತಿದ್ದ, ಬಾಗಿಲು ದಾಟುವ ಮುಂಚೆಯೇ ಮತ್ತೆ ಒಳಗೆ. ನೀವು ಹಿಂಗ ತಿರುಗಾಡಿದ್ರ ಅದು ಅಂಜಿಕೀಲೆ ಇನ್ನೂ ಬಾಯಿ ಮುಚ್ಚತೈತಿ ಎಂದು ಶಿವಕ್ಕ ಅವನನ್ನು ಹಿತ್ತಲಿಗೆ ಅಟ್ಟಿದಳು.

ಹಿತ್ತಲಲ್ಲಿ ಕೆಲಸಕ್ಕೇನು ಕಡಿಮೆ. ಹಳೆಯ ಹುಲ್ಲನ್ನೆಲ್ಲ ಗುಡ್ಡೆ ಹಾಕಿ ಸುಟ್ಟ. ಗೂಡುಗಳನ್ನು ಬಿಚ್ಚಿ ಕುದಿಯುವ ನೀರು ಸುರಿದು ಬ್ರಷ್ಷಿನಿಂದ ತಿಕ್ಕಿದ. ಹಲಗೆ ಸಂದಿಯಲ್ಲಿ ಹುಳು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ಸಂದಿಗಳನ್ನೆಲ್ಲ ಚಾಕುವಿನಿಂದ ಕೆರೆದ. ತಟ್ಟಿಯ ಮೇಲೆ ಹೊದಿಸಿದ್ದ ಒದ್ದೆ ಗೋಣಿ ಕಿತ್ತು ಬಿಸಾಡಿದ. ಮಳೆಗಾಲದಲ್ಲಿ ಒದ್ದೆ ಜಾಗಕ್ಕೆ ನೊಣ ಬರುತ್ತದೆ, ಮೊಲದ ಹಿಂಭಾಗ ಗಲೀಜಾಗಿದ್ದರೆ ಅಲ್ಲೇ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ ಎಂದೂ ಅವಳು ಎಚ್ಚರಿಸಿದ್ದಳು. ಉಳಿದ ಮೊಲಗಳನ್ನು ಒಂದೊಂದಾಗಿ ಒಯ್ದು ಸೂಜಿ ಹಾಕಿಸಿದ. ಬಿಳಿಯದನ್ನು ಆಳವಾಗಿ ಹೂಳಿದ್ದ ಜಾಗದ ಮೇಲೆ ಕಲ್ಲು ಇಟ್ಟ. ಎಷ್ಟು ಮಾಡಿದರೂ ಕೈಗೆ ಸಮಾಧಾನ ಇಲ್ಲ.

ಭಾನುವಾರ ಬಂತು. ಫೋನು ಬಡಿದುಕೊಂಡಿತು. ಶಿವಕ್ಕ ಅದನ್ನು ಎತ್ತದೆ ಅವನ ಕೈಗೆ ಕೊಟ್ಟಳು.

ಅನ್ವಿತಾಳ ಮುಖ ಕಂಡಿತು. ಹಿಂದೆ ಎಲ್ಲೋ ಮಳೆ ಸುರಿಯುವ ಸದ್ದು. ಚಿವಡಾ ಎಲ್ಲಿ ಎಂದಳು. ಗುರುಪಾದಪ್ಪ ಫೋನನ್ನು ಬುಟ್ಟಿಯೊಳಗೆ ಹಿಡಿದ. ಮುಖದ ಬದಲು ಮೊದಲು ಕಿವಿ ತೋರಿಸಿದ, ಮಡಚಿ, ಒಳಗಿನ ಹೊಟ್ಟು ಸಮೇತ.

"ನೊಣ ಅಂತ ಸುಳ್ಳು ಹೇಳಿದ್ನವ್ವಾ. ಕಜ್ಜಿ ಆಗಿತ್ತು. ನಾನು ಕುರಿ ಔಷಧದಾಗ ಅದ್ದಿದೆ. ಅದಕ್ಕ ಹಿಂಗಾಗೇತಿ. ಇಲಾಜ್ ನಡದೈತಿ. ಇನ್ನೂ ಉಂಡಿಲ್ಲ."

ಅಷ್ಟು ಉದ್ದ ಮಾತು ಅವನು ಒಂದೇ ಉಸಿರಿಗೆ ಆಡಿದ್ದು ಶಿವಕ್ಕ ಎಂದೂ ಕೇಳಿರಲಿಲ್ಲ. ಆಮೇಲೆ ಫೋನಿನ ಬೆಳಕು ಆರಿತು. ಅನ್ವಿತಾಳೇ ಕರೆ ಕತ್ತರಿಸಿದ್ದಳು.

ಚಿವಡಾ ತಿಂದದ್ದು ಅದರ ಮರುದಿನ. ಗುರುಪಾದಪ್ಪ ಸಿವಿಲ್ ಲೈನ್ಸಿನಿಂದ ಬಂದು, ಗರಿಕೆಯ ಚೀಲವನ್ನು ಬಾಗಿಲಲ್ಲಿ ಬಿಟ್ಟು, ಕೈ ತೊಳೆಯಲು ಹೋಗಿದ್ದ. ತಿರುಗಿ ಬಂದರೆ ಅದು ಬುಟ್ಟಿಯಿಂದ ಇಳಿದು ಬಂದು, ಚೀಲದ ಬಾಯಿಯಲ್ಲಿ ಹೊರಗೆ ಇಣುಕಿದ್ದ ಒಂದು ಎಸಳನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತಿತ್ತು. ಗುರುಪಾದಪ್ಪ ಬಾಗಿಲಲ್ಲೇ ನಿಂತ. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಎಸಳು ಪೂರ್ತಿ ಒಳಗೆ ಹೋದ ಮೇಲೆ ಶಿವಕ್ಕನನ್ನು ಮೆಲ್ಲಗೆ ಕರೆದ.

ಆ ವಾರ ಮುಗಿಯುವ ಮುಂಚೆ, ತಿಳಿಸದೆಯೇ, ಉತ್ತಪ್ಪ ಮಗಳೊಂದಿಗೆ ಬಂದುಬಿಟ್ಟರು. ಆಮ್ಲಾದ ಕ್ವಾರ್ಟರ್ಸ್ ಸಿಕ್ಕಿತ್ತು. ಹೆಂಡತಿ ಸಾಮಾನಿನ ಜೊತೆ ಮುಂದೆ ಹೋಗಿದ್ದರು. ಇವರ ಗಾಡಿ ಸಂಜೆಗೆ. ಅನ್ವಿತಾ ಒಳಗೆ ಬಂದವಳು ಯಾರನ್ನೂ ಮಾತಾಡಿಸದೆ ಬುಟ್ಟಿಯ ಮುಂದೆ ಕೂತಳು. ಚಿವಡಾ ಅವಳ ಕೈ ಮೂಸಿ ಹಿಂದೆ ಸರಿಯಿತು.

ಉತ್ತಪ್ಪ ನಿಂತೇ ಇದ್ದರು. ಶಿವಕ್ಕ ಹಾಸಿದ ಚಾಪೆಯ ಕಡೆ ನೋಡಲಿಲ್ಲ. ಏನೇನಾಯಿತೆಂದು ಕೇಳಿದರು, ಗುರುಪಾದಪ್ಪ ಟಬ್ಬಿನಿಂದ ಹಿಡಿದು ಹೇಳಿದ. ಸತ್ತ ಬಿಳಿ ಮೊಲವನ್ನೂ ಬಿಡದೆ ಹೇಳಿದ. ಉತ್ತಪ್ಪ ಹಣೆ ಒರೆಸಿಕೊಂಡರು. ಕುರಿ ಅಂದುಕೊಂಡ್ರಾ ಇದನ್ನ, ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ ಎಂದರು. ಆಮೇಲೆ ಮಗಳಿಗೆ ಪೆಟ್ಟಿಗೆ ತರಲು ಹೇಳಿದರು.

ಗುರುಪಾದಪ್ಪ ಪೆಟ್ಟಿಗೆಯ ಮುಂದೆ ಅಡ್ಡ ಬಂದು ನಿಂತ.

"ಇವತ್ತ ಒಯ್ಯಬ್ಯಾಡ್ರಿ ಸಾಹೇಬ್ರ."

ಉತ್ತಪ್ಪ ಅವನನ್ನೇ ನೋಡಿದರು. ಗುರುಪಾದಪ್ಪ ಕಾರಣ ಹೇಳಿದ. ಎರಡನೇ ಸೂಜಿ ಬಾಕಿ ಇದೆ. ಮೊಟ್ಟೆಗಳು ಒಡೆಯುವ ಹೊತ್ತು ಇದು. ಮೊನ್ನೆ ಮೊನ್ನೆ ಬಾಯಿ ತೆರೆದ ಪ್ರಾಣಿ, ರೈಲಿನ ಕುಲುಕಾಟಕ್ಕೆ ಮತ್ತೆ ಮುಚ್ಚಿದರೆ ಎಲ್ಲ ಮುಗಿಯಿತು. ಸೂಜಿ ಹಾಕಿಸಿ, ಡಾಕ್ಟರು ಹೂಂ ಅಂದ ಮೇಲೆ, ತಾನೇ ಆಮ್ಲಾಕ್ಕೆ ತಂದು ಕೊಡುತ್ತೇನೆ.

"ಅಲ್ಲೂ ಡಾಕ್ಟರ್ ಇರ್ತಾರೆ," ಎಂದರು ಉತ್ತಪ್ಪ. "ನಿಮ್ಮನ್ನ ನಂಬಿ ಕೊಟ್ಟಿದ್ವಿ. ಇನ್ನೊಂದ್ಸಲ ಯಾವ ಲೆಕ್ಕದಲ್ಲಿ ನಂಬಲಿ ಹೇಳಿ."

ಗುರುಪಾದಪ್ಪ ಪೆಟ್ಟಿಗೆಯ ಮುಂದಿನಿಂದ ಸರಿದು ನಿಂತ. ಶಿವಕ್ಕ ಒಲೆಯ ಮೇಲಿಟ್ಟ ಚಹಾ ಉಕ್ಕಿ ಸೀಯುವ ವಾಸನೆ ಬಂತು, ಯಾರೂ ಒಲೆಯ ಕಡೆ ಹೋಗಲಿಲ್ಲ.

ಅನ್ವಿತಾ ಚಿವಡಾದ ಕಿವಿಯನ್ನು ಬೆರಳಲ್ಲಿ ಮೆಲ್ಲಗೆ ತೆರೆದು ನೋಡುತ್ತಿದ್ದಳು. ಅಂಚಿನ ಹೊಟ್ಟು ಉದುರಿ ಅಲ್ಲಿ ಗುಲಾಬಿ ಚರ್ಮ ಕಂಡಿತ್ತು, ಆಳದಲ್ಲಿ ಇನ್ನೂ ಕಂದು ಉಳಿದಿತ್ತು. ಅವಳು ಉಗುರು ಚಾಚಿದಳು.

"ಕೀಳಬ್ಯಾಡವ್ವಾ," ಅಂದ ಗುರುಪಾದಪ್ಪ. "ನಾ ಕಿತ್ತು ರಕ್ತ ತಂದಿದ್ದೆ. ತಾನs ಬೀಳತೈತಿ."

ಅವಳು ಬೆರಳು ಹಿಂದೆ ತೆಗೆದುಕೊಂಡಳು. ಚಿವಡಾವನ್ನು ಅದ್ದಿದಾಗ ಅದು ಅತ್ತಿತೇ ಎಂದು ಕೇಳಿದಳು. ಮೊಲ ಅಳುವುದಿಲ್ಲ, ಅದಕ್ಕೇ ನನಗೆ ತಿಳಿಯಲಿಲ್ಲ ಎಂದ ಅವನು. ಆಮೇಲೆ ಅಪ್ಪನ ಕಡೆ ತಿರುಗಿ, ಅಜ್ಜ ಸುಳ್ಳು ಹೇಳಿ ಮುಚ್ಚಿಡಬಹುದಿತ್ತಲ್ಲ ಪಪ್ಪಾ, ನಾವು ಬರೋ ಮುಂಚೇನೇ ಹೇಳಿದ್ರಲ್ಲ ಎಂದಳು. ಉತ್ತಪ್ಪ ಗಡಿಯಾರ ನೋಡಿಕೊಂಡರು, ಕಿಟಕಿ ನೋಡಿದರು.

"ಅಜ್ಜ, ಸೂಜಿ ಆದ ಮೇಲೇನೇ ತನ್ನಿ," ಎಂದಳು ಅನ್ವಿತಾ. "ಆದ್ರೆ ನೀವು ಸ್ವಂತ ಯೋಚನೆ ಮಾಡಿ ಏನೂ ಹಾಕ್ಬೇಡಿ. ಪ್ಲೀಸ್."

"ಹಾಕಂಗಿಲ್ಲ."

ಅವರು ಖಾಲಿ ಪೆಟ್ಟಿಗೆ ಹಿಡಿದು ಆಟೋ ಹತ್ತಿದರು. ಹೋಗುವಾಗ ಉತ್ತಪ್ಪ ಕ್ವಾರ್ಟರ್ಸಿನ ನಂಬರು ಹೇಳಿದರು.

ಎರಡನೇ ಸೂಜಿಯ ದಿನ ಪೂರ್ವಿ ಕಿವಿ ಒರೆಸಿ, ಹೊಸ ಚೂರು ತೆಗೆದು ಯಂತ್ರದಲ್ಲಿ ನೋಡಿದಳು. ಕಾಲಾಡಿಸುವುದು ಒಂದೂ ಇರಲಿಲ್ಲ. ಆದರೂ ಕೆಲವು ದಿನ ಬಿಟ್ಟು ಇನ್ನೊಮ್ಮೆ ತೋರಿಸಿ ಎಂದಳು. ಗುರುಪಾದಪ್ಪ ಒಂದು ದಿನವೂ ಮುಂಚೆ ಹೋಗಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ಅವಳು ಹೂಂ ಅಂದ ಮರುಬೆಳಿಗ್ಗೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಇಟಾರ್ಸಿ ಕಡೆಯ ಗಾಡಿ ಹತ್ತಿದ. ಕಿಟಕಿಯ ಗಾಳಿ ತಾಕದಂತೆ ತನ್ನ ಧೋತರದ ಚುಂಗನ್ನು ಬುಟ್ಟಿಗೆ ಹೊದಿಸಿದ. ದಾರಿಯುದ್ದಕ್ಕೂ ಒಳಗೆ ಬೆರಳು ತೂರಿಸಿ, ಅದು ಹುಲ್ಲು ಜಗಿಯುತ್ತಿದೆಯೇ ಎಂದು ನೋಡುತ್ತಿದ್ದ. ಎದುರಿಗೆ ಕೂತಿದ್ದ ಮುದುಕಿ ಬುಟ್ಟಿಯಲ್ಲಿ ಬಂಗಾರ ಇದೆಯೇನಪ್ಪಾ ಎಂದು ಮರಾಠಿಯಲ್ಲಿ ಕೇಳಿದಳು. ಬೇರೆಯವರದು ಎಂದ.

ಆಮ್ಲಾದಲ್ಲಿ ಉತ್ತಪ್ಪನವರ ಹೆಂಡತಿ ಬಾಗಿಲು ತೆರೆದರು. ಅನ್ವಿತಾ ಶಾಲೆಯಿಂದ ಆಗಷ್ಟೇ ಬಂದಿದ್ದಳು, ಟೈ ಕೂಡ ಬಿಚ್ಚಿರಲಿಲ್ಲ. ಬುಟ್ಟಿ ತೆಗೆದುಕೊಂಡು ನೆಲದ ಮೇಲೆ ಕೂತು, ಮೊದಲು ಒಂದು ಕಿವಿ ತೆರೆದು ಒಳಗೆ ನೋಡಿದಳು, ಆಮೇಲೆ ಇನ್ನೊಂದು. ಎರಡೂ ಎಲೆಯ ಹಾಗೆ ತೆಳ್ಳಗೆ, ಗುಲಾಬಿ. ಒಂದರ ತುದಿಯಲ್ಲಿ ಮಾತ್ರ ಸಣ್ಣ ಗಾಯದ ಗುರುತು. ಅವಳು ಆ ಗುರುತಿನ ಮೇಲೆ ಬೆರಳಿಟ್ಟಳು, ಅವನನ್ನು ನೋಡಿದಳು.

ಊಟ ಬಡಿಸಿದರು. ಗುರುಪಾದಪ್ಪ ಉಂಡ. ಉತ್ತಪ್ಪ ಡ್ಯೂಟಿಯಿಂದ ಬಂದು, ಗಾಡಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಸ್ಟೇಷನ್ನಿಗೆ ತಾವೇ ಬಿಡುವುದಾಗಿ ಸ್ಕೂಟರಿನ ಕೀಲಿ ತೆಗೆದರು. ಹೊರಗೆ ಬಂದು ಸ್ಕೂಟರ್ ಹತ್ತುವಾಗ ಅನ್ವಿತಾ ಚಿವಡಾವನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

"ಅಜ್ಜ, ಮುಂದಿನ ಪೋಸ್ಟಿಂಗ್ ತುಂಬಾ ದೂರ ಆದ್ರೆ? ಆಗ ಇವನನ್ನ ಇಟ್ಕೋತೀರಾ?"

ಗುರುಪಾದಪ್ಪ ಖಾಲಿ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ತೆಗೆದುಕೊಂಡ. ಉತ್ತಪ್ಪ ಸ್ಕೂಟರಿನ ಕನ್ನಡಿಯಲ್ಲಿ ಅವನ ಮುಖ ನೋಡುತ್ತ ಕಾದರು.

"ಇಡ್ತೀನವ್ವಾ. ಬ್ಯಾರೆ ಗೂಡಿನಾಗ ಇಡ್ತೀನಿ."